ಶಾಲೆಯ ಲೆಕ್ಕವನ್ನು ಶಾಲೆಯ ಗೋಡೆಯ ಮೇಲೆ ಬರೆಯಿರಿ

ಸರ್ಕಾರಿ ಶಾಲೆಯ ಹೆಂಚು ಒಡೆದು ಮಳೆನೀರು ಮಕ್ಕಳ ತಲೆಯ ಮೇಲೆ ಸುರಿದಾಗಲೆಲ್ಲ ಅಧಿಕಾರಿಗಳ ಬಾಯಿಂದ ಬರುವ ಮಾತು ಒಂದೇ: 'ಅನುದಾನ ಬಂದಿಲ್ಲ.' ಇದನ್ನು ಕೇಳಿ ಕೇಳಿ ನಮ್ಮ ಜನಕ್ಕೆ ಅದು ಬರಗಾಲದ ಹಾಗೆ ಅಭ್ಯಾಸವಾಗಿಬಿಟ್ಟಿದೆ. ಆದರೆ ಬರಗಾಲಕ್ಕೆ ಮೋಡ ಕಾರಣ, ಅನುದಾನದ ಬರಕ್ಕೆ ಮನುಷ್ಯರೇ ಕಾರಣ. 2025-26ರ ಬಜೆಟ್ಟಿನಲ್ಲಿ ರಾಜ್ಯ ಸರ್ಕಾರ ಶಿಕ್ಷಣಕ್ಕೆಂದು ತೆಗೆದಿಟ್ಟದ್ದು 45,286 ಕೋಟಿ ರೂಪಾಯಿ. ಅದು ಸಾಕೋ ಸಾಲದೋ ಎಂಬುದು ಒಂದು ಜಗಳ. ರಾಷ್ಟ್ರೀಯ ಆದಾಯದ ಶೇಕಡ 6ರಷ್ಟನ್ನು ಶಿಕ್ಷಣಕ್ಕೆ ಕೊಡಬೇಕೆಂದು ಕೊಠಾರಿ ಆಯೋಗ 1966ರಲ್ಲೇ ಹೇಳಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಅದೇ ಶೇಕಡ 6ರ ಮಂತ್ರ ಜಪಿಸಿತು. ದೇಶ ಇನ್ನೂ ಆ ಗೆರೆ ಮುಟ್ಟಿಲ್ಲ. ಆ ಜಗಳವನ್ನು ಬಿಡುವಂತಿಲ್ಲ. ಆದರೆ ನಾನಿಲ್ಲಿ ಎತ್ತುತ್ತಿರುವ ಪ್ರಶ್ನೆ ಬೇರೆ. ಬರುವಷ್ಟು ದುಡ್ಡಿನ ಬೀಗದ ಕೈ ಯಾರ ಸೊಂಟದಲ್ಲಿದೆ?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕುಗಳನ್ನೇ ನೋಡಿ. ಕಂದಾಯದ ಲೆಕ್ಕಕ್ಕೆ ಇವು ತುಮಕೂರು ಜಿಲ್ಲೆ, ಶಾಲೆಗಳ ಲೆಕ್ಕಕ್ಕೆ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಉಪನಿರ್ದೇಶಕರ ಕಚೇರಿ ಮಧುಗಿರಿಯಲ್ಲಿ, ಜಿಲ್ಲಾ ಪಂಚಾಯತಿ ತುಮಕೂರಿನಲ್ಲಿ. ಆಂಧ್ರದ ಹೊಟ್ಟೆಯೊಳಗೆ ಚಾಚಿಕೊಂಡ ಪಾವಗಡದ ಹಳ್ಳಿಯಿಂದ ಒಬ್ಬ ತಂದೆ ಶಾಲೆಯ ದುಡ್ಡಿನ ಬಗ್ಗೆ ಕೇಳಬೇಕೆಂದರೆ ಯಾವ ಊರಿನ ಬಸ್ಸು ಹತ್ತಬೇಕು? ಹತ್ತಿ ಹೋದರೂ ಕೇಳುವುದು ಯಾರನ್ನು? ಜಿಲ್ಲಾ, ತಾಲ್ಲೂಕು ಪಂಚಾಯತಿ ಸದಸ್ಯರ ಅವಧಿ 2021ರಲ್ಲೇ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯನ್ನು ಮುಂದೂಡುತ್ತ ಬಂದರು. ಜನ ಆರಿಸಿದವರ ಕುರ್ಚಿಯಲ್ಲಿ ಆಡಳಿತಾಧಿಕಾರಿ ಕೂತರು. ಪ್ರಶ್ನೆ ಕೇಳುವ ಬಾಯಿಯೇ ಇಲ್ಲದ ಮನೆಯಲ್ಲಿ ದುಡ್ಡಿನ ಲೆಕ್ಕ ಎಷ್ಟು ನೆಟ್ಟಗಿರಬಹುದು?

ಈ ತಾಲ್ಲೂಕುಗಳು ಹಿಂದುಳಿದಿವೆ ಎಂಬುದು ಸರ್ಕಾರಕ್ಕೆ ಗೊತ್ತಿಲ್ಲದ ಸಂಗತಿಯೇನಲ್ಲ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತು. ಅದರಲ್ಲಿ 39 'ಅತ್ಯಂತ ಹಿಂದುಳಿದ' ತಾಲ್ಲೂಕುಗಳು. ಮಧುಗಿರಿ, ಶಿರಾ, ಪಾವಗಡ ಮೂರೂ ಆ 39ರ ಪಟ್ಟಿಯಲ್ಲಿದ್ದವು. ಕೊರಟಗೆರೆಯೂ ಹಿಂದುಳಿದವುಗಳ ಸಾಲಿನಲ್ಲೇ ಇತ್ತು. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿ ಖರ್ಚು ಮಾಡಬೇಕೆಂದು ಸಮಿತಿ ಹೇಳಿತು. 2007-08ರಿಂದ ವಿಶೇಷ ಅಭಿವೃದ್ಧಿ ಯೋಜನೆ ಎಂಬ ಹೆಸರಿನಲ್ಲಿ ದುಡ್ಡು ಹಂಚಲು ಶುರುವಾಯಿತು. ಕಲ್ಯಾಣ ಕರ್ನಾಟಕಕ್ಕೆ 371(ಜೆ) ಬಂತು, ಬಲವಾದ ಮಂಡಳಿಯೂ ಬಂತು. ಬಂದದ್ದು ನ್ಯಾಯವೇ, ಅಲ್ಲಿನ ಮಕ್ಕಳ ತಟ್ಟೆಗೆ ಕಣ್ಣು ಹಾಕುವುದು ನಮ್ಮ ಉದ್ದೇಶವಲ್ಲ. ಆದರೆ ಒಂದೇ ಪಟ್ಟಿಯಲ್ಲಿ, ಒಂದೇ ಹಣೆಬರಹದೊಡನೆ ನಿಂತ ಪಾವಗಡ ದಕ್ಷಿಣದಲ್ಲಿದೆ ಎಂಬ ಒಂದೇ ಕಾರಣಕ್ಕೆ ಆ ಬಲ ಇಲ್ಲದೆ ಉಳಿಯಿತು. ಈಗ ಪ್ರೊ. ಎಂ. ಗೋವಿಂದ ರಾವ್ ಅವರ ನೇತೃತ್ವದಲ್ಲಿ 2024ರಲ್ಲಿ ಮತ್ತೊಂದು ಸಮಿತಿಯಾಯಿತು. ಹಿಂದುಳಿದಿರುವುದನ್ನು ಅಳೆಯುವುದರಲ್ಲಿ ಮಾತ್ರ ನಾವು ಯಾವತ್ತೂ ಹಿಂದೆ ಬಿದ್ದಿಲ್ಲ.

ದೊಡ್ಡ ಕೋಟಿಗಳನ್ನು ಬಿಟ್ಟು ಚಿಕ್ಕ ಲೆಕ್ಕಕ್ಕೆ ಬರೋಣ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಒಂದು ಸರ್ಕಾರಿ ಶಾಲೆಗೆ ವರ್ಷಕ್ಕೆ ಒಂದು ಶಾಲಾ ಅನುದಾನವಿದೆ. ಮೂವತ್ತು ಮಕ್ಕಳವರೆಗಿನ ಶಾಲೆಗೆ 10,000 ರೂಪಾಯಿ. ನೂರು ಮಕ್ಕಳವರೆಗೆ 25,000. ಇನ್ನೂರೈವತ್ತರವರೆಗೆ 50,000. ಹತ್ತು ಸಾವಿರವೆಂದರೆ ತಿಂಗಳಿಗೆ 833 ರೂಪಾಯಿ. ಸೀಮೆಸುಣ್ಣ, ಹಾಜರಿ ಪುಸ್ತಕ, ಪೊರಕೆ, ಕೆಟ್ಟ ನಲ್ಲಿ, ಮುರಿದ ಕಿಟಕಿ, ಪಾಠೋಪಕರಣ ಎಲ್ಲವೂ ಇದರಲ್ಲೇ ಆಗಬೇಕು, ಅದರಲ್ಲೂ ಹತ್ತನೇ ಒಂದು ಭಾಗ ಸ್ವಚ್ಛತೆಗೆ ಮೀಸಲು. ಶಾಲೆಗಳಿಗೆ ವಿದ್ಯುತ್ತು, ನೀರು ಉಚಿತವೆಂದು ಮುಖ್ಯಮಂತ್ರಿಗಳು 2023ರ ರಾಜ್ಯೋತ್ಸವದ ದಿನ ಘೋಷಿಸಿದರು, ಒಳ್ಳೆಯದಾಯಿತು. ಅಲ್ಲಿಯವರೆಗೆ ಶಾಲೆಯ ದೀಪದ ಬಿಲ್ಲಿಗೂ ಮುಖ್ಯೋಪಾಧ್ಯಾಯರು ದಾರಿ ಹುಡುಕಬೇಕಿತ್ತು.

ಅದೇ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಇದೆ. 2018ರಲ್ಲಿ ಉದ್ಘಾಟನೆಯಾಯಿತು, ತಿರುಮಣಿ, ವಳ್ಳೂರು ಸುತ್ತಿನ ಬಿಸಿಲು ಜಗತ್ತಿನ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ರೈತನ ಭೂಮಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ಶುರುವಾಯಿತು. ಓದುಗರೇ, ಎರಡೂ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಮೂವತ್ತು ಮಕ್ಕಳ ಶಾಲೆಯ ಒಂದು ವರ್ಷದ ಅನುದಾನ ಆ ಒಣಭೂಮಿಯ ಅರ್ಧ ಎಕರೆಯ ಗುತ್ತಿಗೆಗೂ ಸಮವಿಲ್ಲ! ಬಿಸಿಲಿಗೆ ಬೆಲೆ ಕಟ್ಟಿದ ಸರ್ಕಾರ ಆ ಬಿಸಿಲಲ್ಲಿ ನಡೆದು ಶಾಲೆಗೆ ಬರುವ ಮಗುವಿಗೆ ಕಟ್ಟಿದ ಬೆಲೆ ಇದು.

ಇಷ್ಟೂ ಸಾಲದೆಂದು 2022ರ ಅಕ್ಟೋಬರಿನಲ್ಲಿ ಒಂದು ಸುತ್ತೋಲೆ ಹೊರಟಿತು. ಶಾಲೆಯ ಖರ್ಚಿಗೆ ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಸಂಗ್ರಹಿಸಬಹುದಂತೆ. ವಿರೋಧ ಬಂದ ಮೇಲೆ ವಾಪಸು ಪಡೆದರು. ಅದೇ ವರ್ಷ 'ವಿವೇಕ' ಯೋಜನೆಯಲ್ಲಿ ಹೊಸ ಕೊಠಡಿಗಳ ಮಾತು ಬಂತು. ಆಗ ರಾಜ್ಯದಲ್ಲಿ ನಡೆದ ಚರ್ಚೆ ಯಾವುದು? ಗೋಡೆಗೆ ಕೇಸರಿ ಬಣ್ಣ ಬಳಿಯಬೇಕೇ ಬೇಡವೇ ಎಂಬುದು. ಕಟ್ಟುವವರು ಯಾರು, ಸಿಮೆಂಟು ಎಷ್ಟು, ಮೂರು ಮಳೆಗಾಲಕ್ಕೆ ತಡೆಯುತ್ತದೆಯೇ ಎಂದು ಕೇಳಿದವರ ದನಿ ಬಣ್ಣದ ಗದ್ದಲದಲ್ಲಿ ಅಡಗಿಹೋಯಿತು. ಸರ್ಕಾರಿ ಕಾಮಗಾರಿಯನ್ನು ಟೆಂಡರಿಲ್ಲದೆ ವಹಿಸಲು ಪಾರದರ್ಶಕತೆ ಕಾಯ್ದೆಯಲ್ಲೇ 4(ಜಿ) ಎಂಬ ಕಿಂಡಿಯಿದೆ. ಪಾರದರ್ಶಕತೆಗೆಂದು ಮಾಡಿದ ಕಾಯ್ದೆಯಲ್ಲಿ ಇಂಥದ್ದೊಂದು ಪರದೆ!

ಇನ್ನು ಬಂದ ದುಡ್ಡಿನ ನಡಿಗೆ ನೋಡಿ. 2021ರ ನಂತರ ಕೇಂದ್ರದ ಯೋಜನೆಗಳ ಹಣ ಒಂದೇ ನೋಡಲ್ ಖಾತೆಯಲ್ಲಿ ಕೂರುತ್ತದೆ. ಶಾಲೆಯದು ಬರೀ ಶೂನ್ಯ ಬಾಕಿಯ ಖಾತೆ, ಮಿತಿ ಕೊಟ್ಟರೆ ತೆಗೆಯಬೇಕು, ಇಲ್ಲದಿದ್ದರೆ ಇಲ್ಲ. ಸೋರಿಕೆ ತಡೆಯಲು ಇದು ಬೇಕೆನ್ನುತ್ತಾರೆ, ಒಪ್ಪೋಣ. ಆದರೆ ಜೂನ್ ತಿಂಗಳಲ್ಲಿ ಬೇಕಾದ ದುಡ್ಡಿಗೆ ಮಾರ್ಚ್ ಹತ್ತಿರ ಬಂದಾಗ ಮಿತಿ ಸಿಕ್ಕರೆ ಮುಖ್ಯೋಪಾಧ್ಯಾಯರು ಏನು ಮಾಡಬೇಕು? ಮಾರ್ಚ್ 31ರೊಳಗೆ ಖರ್ಚು ತೋರಿಸದಿದ್ದರೆ ಹಣ ಹೋಗುತ್ತದೆ. ಆಗ ಬೇಕಾದದ್ದನ್ನಲ್ಲ, ಬಿಲ್ಲು ಸಿಗುವುದನ್ನು ಕೊಳ್ಳುತ್ತಾರೆ. ಸೋರುವ ಮಾಡು ಹಾಗೇ ಉಳಿದು ಬೀರುವೊಂದು ಬರುತ್ತದೆ. ಬಡ ಮೇಷ್ಟರನ್ನು ಬೈದು ಪ್ರಯೋಜನವಿಲ್ಲ, ವ್ಯವಸ್ಥೆಯೇ ಅವರಿಗೆ ಹಾಗೆ ಪಾಠ ಮಾಡಿದೆ.

'ಹತ್ತು ಮಕ್ಕಳಿಗೆ ಒಂದು ಶಾಲೆ ನಡೆಸುವುದು ಪೋಲು, ದೊಡ್ಡ ಶಾಲೆಗೆ ಸೇರಿಸಿದರೆ ಸೌಲಭ್ಯ ಹೆಚ್ಚುತ್ತದೆ' ಎನ್ನುತ್ತಾರೆ ಬುದ್ಧಿವಂತರು. 2018ರ ಬಜೆಟ್ಟಿನಲ್ಲಿ 28,847 ಶಾಲೆಗಳನ್ನು ಹತ್ತಿರದ 8,530 ಶಾಲೆಗಳೊಡನೆ ವಿಲೀನಗೊಳಿಸುವ ಮಾತು ಬಂದದ್ದು ಇದೇ ತರ್ಕದಿಂದ. ಈ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಐದು ತರಗತಿಗೆ ಒಬ್ಬ ಮೇಷ್ಟರಿರುವ ಶಾಲೆಯಲ್ಲಿ ಯಾರೂ ಸರಿಯಾಗಿ ಕಲಿಯಲಾರರು. ಆದರೆ ಮಕ್ಕಳು ಹತ್ತಕ್ಕೆ ಇಳಿದದ್ದು ಹೇಗೆ? ಮೇಷ್ಟರನ್ನು ಕೊಡಲಿಲ್ಲ, ಕೊಠಡಿ ಕೊಡಲಿಲ್ಲ. ಮೇಲಾಗಿ ಶಿಕ್ಷಣ ಹಕ್ಕು ಕಾಯ್ದೆಯ ಶೇಕಡ 25ರ ಸೀಟುಗಳಿಗೆಂದು ವರ್ಷಗಟ್ಟಲೆ ಸರ್ಕಾರವೇ ಖಾಸಗಿ ಶಾಲೆಗೆ ಶುಲ್ಕ ಕಟ್ಟಿ ಮಕ್ಕಳನ್ನು ಕಳಿಸಿತು. 2019ರಲ್ಲಿ ನಿಯಮ ಬದಲಾಗುವ ಹೊತ್ತಿಗೆ ಹಳ್ಳಿಯ ಶಾಲೆ ಬಡವಾಗಿತ್ತು. ಕೈಯಾರೆ ಉಪವಾಸ ಕೆಡವಿ ಆಮೇಲೆ 'ಇವನು ಬಲಹೀನ' ಎಂದು ಮಣ್ಣು ಮಾಡುವುದು ಯಾವ ನ್ಯಾಯ? ಶಾಲೆ ಮೂರು ಮೈಲಿ ದೂರವಾದರೆ ಗಂಡುಹುಡುಗ ಸೈಕಲ್ ಹತ್ತುತ್ತಾನೆ, ಹುಡುಗಿ ಮನೆಯಲ್ಲಿ ಉಳಿಯುತ್ತಾಳೆ. ಉರ್ದು ಶಾಲೆಯ ಹುಡುಗಿಯಂತೂ ಖಂಡಿತ ಉಳಿಯುತ್ತಾಳೆ. ಮುಸ್ಲಿಮರು ಮಕ್ಕಳನ್ನು ಮದರಸಕ್ಕೇ ಕಳಿಸುತ್ತಾರೆಂದು ಹೇಳಿಕೊಂಡು ತಿರುಗುವವರಿಗೆ ಸಾಚಾರ್ ಸಮಿತಿ 2006ರಲ್ಲೇ ಉತ್ತರ ಕೊಟ್ಟಿದೆ: ಮದರಸಕ್ಕೆ ಹೋಗುವವರು ಶೇಕಡ ನಾಲ್ಕರಷ್ಟು ಮಾತ್ರ. ಉಳಿದವರು ಕಾಯುತ್ತಿರುವುದು ಇದೇ ಸರ್ಕಾರಿ ಶಾಲೆಯನ್ನು.

ಕಾಲೇಜುಗಳ ಕತೆ ಇದಕ್ಕಿಂತ ಹಗುರವಲ್ಲ. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳನ್ನು ಹೊತ್ತು ನಿಂತಿರುವವರು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರು. 2023ರ ನವೆಂಬರಿನಲ್ಲಿ ಅವರು ತರಗತಿ ಬಿಟ್ಟು ಬೀದಿಗೆ ಬಂದರು, 2024ರ ಜನವರಿಯಲ್ಲಿ ನಮ್ಮ ತುಮಕೂರಿನಿಂದಲೇ ಬೆಂಗಳೂರಿಗೆ ನಡೆದರು. ಇಪ್ಪತ್ತು ವರ್ಷ ಪಾಠ ಹೇಳಿದವರನ್ನೂ 'ಅತಿಥಿ' ಎಂದೇ ಕರೆಯುವ ಮನೆ ಇದೊಂದೇ ಇರಬೇಕು.

ಹಾಗಾದರೆ ದಾರಿಯೇನು? ಹೊಸ ಕಾಯ್ದೆ ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಓದಿ. ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರು ಇರಬೇಕು. ಬಂದ ಅನುದಾನ ಹೇಗೆ ಖರ್ಚಾಯಿತೆಂದು ನೋಡುವುದು ಆ ಸಮಿತಿಯ ಕೆಲಸ. 22ನೇ ಸೆಕ್ಷನ್ ಇನ್ನೂ ಮುಂದೆ ಹೋಗಿ, ಸಮಿತಿ ಬರೆದ ಶಾಲಾ ಅಭಿವೃದ್ಧಿ ಯೋಜನೆಯೇ ಸರ್ಕಾರದ ಅನುದಾನಕ್ಕೆ ಆಧಾರವಾಗಬೇಕು ಎನ್ನುತ್ತದೆ. ಅಂದರೆ ಬೀಗದ ಕೈಯನ್ನು ಕಾಯ್ದೆ ನಮ್ಮ ಕೈಗೇ ಕೊಟ್ಟಿದೆ. ಆದರೆ ಎಸ್‌ಡಿಎಂಸಿ ಇಂದು ಆಗಿರುವುದೇನು? ಊರಿನ ಪುಢಾರಿಯೊಬ್ಬ ಅಧ್ಯಕ್ಷ, ಮಿಕ್ಕವರು ಮೇಷ್ಟರು ತಂದ ಪುಸ್ತಕಕ್ಕೆ ಸಹಿ ಅಥವಾ ಹೆಬ್ಬೆಟ್ಟು ಹಾಕುವವರು. ನಮ್ಮ ಮೊಹಲ್ಲಾಗಳ ಹಿರಿಯರನ್ನೂ ಕೇಳಬೇಕಾಗಿದೆ. ಮಸೀದಿ ಕಮಿಟಿಯ ಚುನಾವಣೆಗೆ ರಾತ್ರಿಯಿಡೀ ಓಡಾಡುವ ನೀವು, ಪಕ್ಕದ ಉರ್ದು ಶಾಲೆಯ ಸಮಿತಿಯಲ್ಲಿ ಯಾರಿದ್ದಾರೆಂದು ಬಲ್ಲಿರಾ? ಮಸೀದಿಯ ಚಂದಾ ಅಮಾನತ್ ಆದರೆ ಶಾಲೆಯ ಅನುದಾನವೂ ಅಮಾನತ್ತೇ ಅಲ್ಲವೇ?

ಬೇಡಿಕೆ ಒಂದೇ, ಖರ್ಚು ಒಂದು ಡಬ್ಬಿ ಬಣ್ಣದ್ದು. ಪ್ರತಿ ಸರ್ಕಾರಿ ಶಾಲೆ, ಕಾಲೇಜಿನ ಹೊರಗೋಡೆಯ ಮೇಲೆ ಬರೆಯಿರಿ: ಈ ವರ್ಷ ಬಂದದ್ದೆಷ್ಟು, ಯಾವ ದಿನ ಬಂತು, ಯಾರು ಕಟ್ಟಿದರು, ಎಷ್ಟಕ್ಕೆ ಕಟ್ಟಿದರು, ಮಂಜೂರಾದ ಮೇಷ್ಟರೆಷ್ಟು, ಇರುವವರೆಷ್ಟು. ಸೋಲಾರ್ ಪಾರ್ಕಿನ ಸುತ್ತಿನ ಊರುಗಳಲ್ಲಿ ಸ್ಥಳೀಯ ಅಭಿವೃದ್ಧಿಯ ಹೆಸರಿನಲ್ಲಿ ಬಂದದ್ದನ್ನೂ ಬರೆಯಿರಿ. ಕನ್ನಡದಲ್ಲಿ ಬರೆಯಿರಿ, ಉರ್ದು ಶಾಲೆಯಲ್ಲಿ ಉರ್ದುವಿನಲ್ಲೂ ಬರೆಯಿರಿ. ತಾನಾಗಿಯೇ ಮಾಹಿತಿ ಪ್ರಕಟಿಸಬೇಕೆಂದು 2005ರ ಮಾಹಿತಿ ಹಕ್ಕು ಕಾಯ್ದೆಯೇ ಹೇಳಿರುವಾಗ ಯಾರ ಅಪ್ಪಣೆಗೆ ಕಾಯಬೇಕು?

ಮೊಗಲರ ಕಾಲದಲ್ಲಿ ಶಿರಾ ಒಂದು ಸುಬಾದ ರಾಜಧಾನಿ. ಕೋಲಾರದಿಂದ ಬಸವಾಪಟ್ಟಣದವರೆಗೆ ಏಳು ಪರಗಣಗಳ ಲೆಕ್ಕ ಅಲ್ಲಿಗೆ ಬಂದು ಸೇರುತ್ತಿತ್ತು. ಆ ಊರಿನ ಮಗುವಿಗೆ ಇಂದು ಏಳು ಪರಗಣಗಳ ಲೆಕ್ಕ ಬೇಡ. ತನ್ನ ತಲೆಯ ಮೇಲಿನ ಹೆಂಚಿನ ಲೆಕ್ಕ ಬೇಕು. ಅದನ್ನು ಕೇಳುವವರು ಮಗುವಿನ ಅಪ್ಪ ಅಮ್ಮ. ಮುಂದಿನ ಎಸ್‌ಡಿಎಂಸಿ ಸಭೆಗೆ ಹೋಗಿ, ನಗದು ಪುಸ್ತಕ ತೆಗೆಯಲು ಹೇಳಿ, ಓದಿದ ಮೇಲೆ ಸಹಿ ಹಾಕಿ.