ರಸೀದಿ ಪುಸ್ತಕ ಹಿಡಿದವರು ಯಾರೆಂದು ಊರಿಗೆ ಗೊತ್ತಿರಲಿ
ತುಮಕೂರು ಜಿಲ್ಲೆಯ ಸಂಘಗಳ ನೋಂದಣಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಗೆ,
ಸಹಕಾರ ಸಂಘಗಳ ಉಪನಿಬಂಧಕರು ಹಾಗೂ ಸಂಘಗಳ ಜಿಲ್ಲಾ ನೋಂದಣಾಧಿಕಾರಿಗಳು,
ತುಮಕೂರು.

ಮಾನ್ಯರೇ,

ವಿಷಯ: ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಜನರಿಂದ ದೇಣಿಗೆ ಎತ್ತುವ ಸಂಘ ಸಂಸ್ಥೆಗಳ ಪದಾಧಿಕಾರಿಗಳ ಬಗ್ಗೆ.

ಕಡಲೆಕಾಯಿ ಮಾರಿದ ದುಡ್ಡು ಕೈಸೇರುವ ಹೊತ್ತಿಗೆ ನಮ್ಮ ಮಿಡಿಗೇಶಿ ಹೋಬಳಿಯ ಹಳ್ಳಿಗಳಿಗೆ ರಸೀದಿ ಪುಸ್ತಕಗಳೂ ಬರುತ್ತವೆ. ಶಾಲೆಯ ಕೊಠಡಿಗೆ, ಹಾಸ್ಟೆಲಿಗೆ, ಸಮುದಾಯ ಭವನಕ್ಕೆ, ಗೋಶಾಲೆಗೆ, ಯುವಕ ಸಂಘದ ವಾರ್ಷಿಕೋತ್ಸವಕ್ಕೆ. ಮನೆಬಾಗಿಲಿಗೆ ಬಂದವರನ್ನು ಬರಿಗೈಲಿ ಕಳಿಸುವ ವಾಡಿಕೆ ನಮ್ಮಲ್ಲಿಲ್ಲ. ಐವತ್ತೋ ನೂರೋ ಕೊಟ್ಟು ಚೀಟಿಯನ್ನು ಗೋಡೆಯ ಮೊಳೆಗೆ ಚುಚ್ಚುತ್ತಾರೆ. ಅಂಥದೊಂದು ಪುಸ್ತಕವನ್ನು ಈಚೆಗೆ ಕೈಗೆ ತೆಗೆದುಕೊಂಡು ನೋಡಿದೆ. ಸಂಘದ ಹೆಸರು ದೊಡ್ಡಕ್ಷರದಲ್ಲಿತ್ತು. ನೋಂದಣಿ ಸಂಖ್ಯೆ ಇತ್ತು, ವರ್ಷ ಇರಲಿಲ್ಲ. ಅಧ್ಯಕ್ಷರ ಸಹಿ ಮೊದಲೇ ಅಚ್ಚಾಗಿತ್ತು, ಖಜಾಂಚಿಯ ಸಹಿಯ ಜಾಗ ಖಾಲಿ ಇತ್ತು. ಪುಸ್ತಕದಲ್ಲೇ ಉಳಿಯುವ ಅರ್ಧ ಚೀಟಿಗಳಲ್ಲಿ ಕೆಲವಕ್ಕೆ ಮೊತ್ತವನ್ನೇ ಬರೆದಿರಲಿಲ್ಲ. ಈಗಿನ ಪದಾಧಿಕಾರಿಗಳು ಯಾರು ಎಂದು ಕೇಳಿದರೆ ಪುಸ್ತಕ ಹಿಡಿದ ಹುಡುಗನಿಗೆ ಅಧ್ಯಕ್ಷರೊಬ್ಬರ ಹೆಸರು ಬಿಟ್ಟು ಬೇರೆ ಗೊತ್ತಿರಲಿಲ್ಲ.

ಆ ಹುಡುಗನದು ತಪ್ಪೆಂದು ನಾನು ಹೇಳುವುದಿಲ್ಲ. ಆ ಸಂಘದವರು ಹಣ ತಿಂದರೆಂದೂ ಹೇಳುತ್ತಿಲ್ಲ. ನಾನು ತಮ್ಮ ಮುಂದಿಡುವ ಮಾತು ಒಂದೇ. ಜನರ ದುಡ್ಡು ಎತ್ತುವ ಸಂಸ್ಥೆಯ ಪದಾಧಿಕಾರ ಒಂದು ಕೆಲಸ. ಅದಕ್ಕೆ ತಿಳಿವಳಿಕೆ ಬೇಕು, ಅವಧಿ ಬೇಕು, ಲೆಕ್ಕ ಬೇಕು. ನಾವು ಅದನ್ನು ಗೌರವದ ಕುರ್ಚಿಯನ್ನಾಗಿ ಮಾಡಿಕೊಂಡಿದ್ದೇವೆ. ಇದರಿಂದ ನಮ್ಮ ನಾಲ್ಕು ತಾಲ್ಲೂಕುಗಳಿಗೆ ಆಗುತ್ತಿರುವ ನಷ್ಟ ದೊಡ್ಡದು. ಅದನ್ನು ತಗ್ಗಿಸುವ ಅಧಿಕಾರದ ಒಂದು ಪಾಲು ತಮ್ಮ ಕೈಯಲ್ಲಿದೆ.

ದೇಣಿಗೆ ಎತ್ತುವುದು ಹೇಗೆಂದು ಈ ಜಿಲ್ಲೆಗೆ ಯಾರೂ ಹೊರಗಿನಿಂದ ಬಂದು ಕಲಿಸಬೇಕಿಲ್ಲ. 1941ರಲ್ಲಿ ಸಿದ್ಧಗಂಗಾ ಮಠದ ಹೊಣೆ ಹೊತ್ತ ಶಿವಕುಮಾರ ಸ್ವಾಮೀಜಿಯವರು ಎತ್ತಿನ ಗಾಡಿಯಲ್ಲಿ ಹಳ್ಳಿ ಹಳ್ಳಿ ತಿರುಗಿ ದವಸಧಾನ್ಯ ಕೂಡಿಸಿ ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟರು. 2019ರ ಜನವರಿಯಲ್ಲಿ ಅವರು ಲಿಂಗೈಕ್ಯರಾದಾಗ ಅಲ್ಲಿ ಹತ್ತಿರ ಹತ್ತಿರ 10,000 ಮಕ್ಕಳು ಓದುತ್ತಿದ್ದರು. ರಾಗಿ ಕೊಟ್ಟ ರೈತನ ಮಗನೋ ನೆಂಟರ ಹುಡುಗನೋ ಅದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ದ. ಕೊಟ್ಟದ್ದು ಎಲ್ಲಿಗೆ ಹೋಯಿತೆಂದು ಕೊಟ್ಟವರ ಕಣ್ಣಿಗೇ ಕಾಣುತ್ತಿತ್ತು. ಪಾವಗಡದಂಥ ಬರದ ನಾಡಿನಲ್ಲಿ ಸ್ವಾಮಿ ಜಪಾನಂದರ ಶ್ರೀ ರಾಮಕೃಷ್ಣ ಸೇವಾಶ್ರಮ ಕುಷ್ಠ, ಕ್ಷಯ, ಕಣ್ಣಿನ ರೋಗಿಗಳಿಗೆ ಚಿಕಿತ್ಸೆ ಕೊಡುತ್ತ ಬಂದಿರುವುದೂ ದಾನಿಗಳ ನೆರವಿನಿಂದ. ಬೆಂಗಳೂರಿನ ದೊಡ್ಡ ಪ್ರತಿಷ್ಠಾನಗಳು ಅಷ್ಟು ದೂರದ ತಾಲ್ಲೂಕಿಗೆ ಕೈಚಾಚಿದ್ದು ಅಲ್ಲಿ ಕೆಲಸ ಕಂಡದ್ದರಿಂದ.

ಇದು ಹಿರಿಯ ಸನ್ಯಾಸಿಗಳ ಮಾತಾಯಿತು, ಸಂಸಾರಸ್ಥರಿಗೆ ಇದು ಆದೀತೇ ಎಂದು ಕೆಲವರು ಕೇಳುತ್ತಾರೆ. ಬೆಳಗಾವಿಯ ಕೆಎಲ್‌ಇ ಸಂಸ್ಥೆಯನ್ನು 1916ರ ನವೆಂಬರಿನಲ್ಲಿ ಕಟ್ಟಿದ ಏಳು ಜನರೂ ಮೇಷ್ಟ್ರುಗಳು. ನಾಡು ಅವರನ್ನು ಸಪ್ತರ್ಷಿಗಳೆಂದು ಕರೆಯಿತು. ಅವರು ಆಜೀವ ಸದಸ್ಯರಾಗಿ ಅಲ್ಪ ಸಂಬಳಕ್ಕೆ ಅಲ್ಲೇ ಪಾಠ ಹೇಳಿದರು, ಅಲ್ಲಿನ ಆಡಳಿತ ನೋಡಿದರು, ಊರೂರು ತಿರುಗಿ ನಿಧಿ ಕೂಡಿಸಿದರು. ಅವರಲ್ಲೊಬ್ಬರಾದ ಶಿ.ಶಿ. ಬಸವನಾಳರು ವಚನಗಳ ಸಂಪಾದಕರಾಗಿ ಹೆಸರಾದವರು. ಸಂಸ್ಥೆ ಕಟ್ಟುವುದೇ ಅವರ ಬಾಳಿನ ವೃತ್ತಿಯಾಗಿತ್ತು. ಅಧ್ಯಕ್ಷಗಿರಿಯಿಂದ ಅವರಿಗೆ ಮರ್ಯಾದೆ ಬರಲಿಲ್ಲ, ಅವರು ಮಾಡಿದ ಕೆಲಸದಿಂದ ಸಂಸ್ಥೆಗೆ ಮರ್ಯಾದೆ ಬಂತು.

ಇಂದು ನಮ್ಮ ಹೋಬಳಿಗಳಲ್ಲಿ ಪದಾಧಿಕಾರಿಗಳಾಗಿ ಬರುವವರು ಯಾರು? ನಿವೃತ್ತ ಶಿಕ್ಷಕರಿದ್ದಾರೆ, ಗುತ್ತಿಗೆದಾರರಿದ್ದಾರೆ, ಪಂಚಾಯಿತಿಯಲ್ಲಿ ಸದಸ್ಯರಾಗಿದ್ದವರು, ಆಗಬೇಕೆಂದಿರುವವರು ಇದ್ದಾರೆ. ಕೈಯಿಂದ ಹಣ ಹಾಕಿ ಸಂಘ ಉಳಿಸಿದ ಪುಣ್ಯಾತ್ಮರನ್ನೂ ನಾನು ಬಲ್ಲೆ. ಆದರೆ ಬಹುಪಾಲು ಕಡೆ ಒಮ್ಮೆ ಅಧ್ಯಕ್ಷರಾದವರು ಇಳಿಯುವುದಿಲ್ಲ. ಇಳಿದರೆ ಮಗನೋ ಅಳಿಯನೋ ಬರುತ್ತಾರೆ. ಕಾರ್ಯದರ್ಶಿಗೆ ಬೈಲಾ ಓದಿ ಗೊತ್ತಿರುವುದಿಲ್ಲ. ಖಜಾಂಚಿಯ ಹತ್ತಿರ ಪಾಸ್‌ಬುಕ್ ಇರುವುದಿಲ್ಲ, ಅದು ಅಧ್ಯಕ್ಷರ ಮನೆಯ ಬೀರುವಿನಲ್ಲಿರುತ್ತದೆ. ವರ್ಷಕ್ಕೊಮ್ಮೆ ಆಗಬೇಕಾದ ಸರ್ವಸದಸ್ಯರ ಸಭೆ ನಡಾವಳಿ ಪುಸ್ತಕದಲ್ಲಿ ಮಾತ್ರ ಆಗುತ್ತದೆ. ಪುಸ್ತಕ ಒಂದು ಬ್ಯಾಗಿನಲ್ಲಿ ಮನೆಯಿಂದ ಮನೆಗೆ ಹೋಗುತ್ತದೆ. ಹೊಲಕ್ಕೆ ಹೊರಟವರು ಬೈಕಿನ ಸೀಟಿನ ಮೇಲೆ ಅದನ್ನಿಟ್ಟು ಸಹಿ ಹಾಕುತ್ತಾರೆ. ಕೋರಂ ಭರ್ತಿಯಾಗುತ್ತದೆ, ಲೆಕ್ಕ ಒಪ್ಪಿತವಾಗುತ್ತದೆ. ಸಭೆಯಲ್ಲಿ ಎದ್ದು ನಿಂತು ಒಂದು ಪ್ರಶ್ನೆ ಕೇಳುವ ಅವಕಾಶ ಯಾರಿಗೂ ಸಿಗುವುದಿಲ್ಲ.

ಕಾನೂನು ಇದನ್ನು ಬಯಸಿಲ್ಲ. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ 13ನೇ ಪ್ರಕರಣದ ಪ್ರಕಾರ ಪ್ರತಿ ಸಂಘವೂ ವರ್ಷಕ್ಕೊಮ್ಮೆ ಆಡಳಿತ ಮಂಡಳಿಯವರ ಹೆಸರು, ವಿಳಾಸ, ಉದ್ಯೋಗದ ಪಟ್ಟಿಯನ್ನು ಲೆಕ್ಕಪತ್ರದ ಸಮೇತ ತಮ್ಮ ಕಚೇರಿಗೆ ಸಲ್ಲಿಸಬೇಕು. ಹೆಸರಿನ ಮುಂದೆ ಉದ್ಯೋಗವನ್ನೂ ಕೇಳಿರುವುದನ್ನು ಗಮನಿಸಬೇಕು. ಜನರ ಹಣ ಯಾರ ಕೈಯಲ್ಲಿದೆ, ಅವರ ಬದುಕು ಯಾವುದರಿಂದ ನಡೆಯುತ್ತದೆ ಎಂಬುದು ಸಮಾಜಕ್ಕೆ ತಿಳಿದಿರಬೇಕಾದ ವಿಷಯ. ಸಭೆ ನಡೆಸಲೇಬೇಕೆಂಬ ನಿಯಮವೂ ಇದೆ, ದೂರು ಬಂದಾಗ 25ನೇ ಪ್ರಕರಣದಡಿ ವಿಚಾರಣೆ ನಡೆಸುವ ಅಧಿಕಾರವೂ ಇದೆ. ಆದರೆ ವಿಚಾರಣೆಯೆಂಬುದು ಮನೆ ಸುಟ್ಟ ಮೇಲೆ ಬಾವಿ ತೋಡಿದಂತೆ. ಪ್ರತಿ ವರ್ಷದ ಪಟ್ಟಿ ಹಳ್ಳಿಯವರ ಕಣ್ಣಿಗೆ ಬೀಳುವಂತಾದರೆ ಅರ್ಧಕ್ಕರ್ಧ ಜಗಳಗಳು ಹುಟ್ಟುವುದೇ ಇಲ್ಲ.

ಲೆಕ್ಕ ತಪ್ಪಿದ ಸಂಘಕ್ಕೆ ಆಗುವ ನಷ್ಟವನ್ನು ಹಂತ ಹಂತವಾಗಿ ಹೇಳುತ್ತೇನೆ. ಒಂದೆರಡು ವರ್ಷ 13ನೇ ಪ್ರಕರಣದ ಪಟ್ಟಿ ಸಲ್ಲಿಸುವುದಿಲ್ಲ. ಆಡಿಟ್ ನಿಂತುಹೋಗುತ್ತದೆ. ಆದಾಯ ತೆರಿಗೆ ಇಲಾಖೆಯ 12ಎಬಿ ನೋಂದಣಿ, ದಾನಿಗಳಿಗೆ ತೆರಿಗೆ ವಿನಾಯಿತಿ ಕೊಡಿಸುವ 80ಜಿ ಮಾನ್ಯತೆ ಕೈತಪ್ಪುತ್ತವೆ. 80ಜಿ ಇದ್ದವರೂ ದಾನಿಗಳ ವಿವರವನ್ನು 10ಬಿಡಿ ನಮೂನೆಯಲ್ಲಿ ಪ್ರತಿ ವರ್ಷ ಮೇ 31ರೊಳಗೆ ಸಲ್ಲಿಸಬೇಕು. ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ. 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ತೆರಿಗೆ ವಿನಾಯಿತಿಯಿಲ್ಲ. ನಮ್ಮೂರು ಬಿಟ್ಟು ಬೆಂಗಳೂರಿನಲ್ಲಿ ನೆಲೆಯೂರಿದ ಮಕ್ಕಳು ಓದಿದ ಶಾಲೆಗೆ ಇಪ್ಪತ್ತೈದು ಸಾವಿರ ಕೊಡಲು ಮುಂದೆ ಬಂದಾಗ ಕೇಳುವ ಮೊದಲ ಪ್ರಶ್ನೆಯೇ 80ಜಿ ಇದೆಯೇ ಎಂಬುದು. ಇಲ್ಲವೆಂದರೆ ಆ ಹಣ ಬೇರೆ ಊರಿನ ಸಂಸ್ಥೆಗೆ ಹೋಗುತ್ತದೆ.

ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಹಣದ ಕಥೆ ಇನ್ನೂ ದೊಡ್ಡದು. 2013ರ ಕಂಪನಿ ಕಾಯಿದೆಯ 135ನೇ ಪ್ರಕರಣದಂತೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ವ್ಯಯಿಸಬೇಕು. ತಾವು ಕೆಲಸ ಮಾಡುವ ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದೂ ಕಾಯಿದೆಯಲ್ಲಿದೆ. ಪಾವಗಡದ ತಿರುಮಣಿ ಸುತ್ತಿನ ಐದು ಹಳ್ಳಿಗಳ ರೈತರು ಸುಮಾರು 13,000 ಎಕರೆ ಗುತ್ತಿಗೆಗೆ ಕೊಟ್ಟ ಜಮೀನಿನಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕ್ ನಿಂತಿದೆ. ಅಲ್ಲಿ ವಿದ್ಯುತ್ ತಯಾರಿಸುವ ಕಂಪನಿಗಳಿಗೆ ಪಾವಗಡವೇ ಸ್ಥಳೀಯ ಪ್ರದೇಶ. ಆದರೆ ಈ ಹಣ ಪಡೆಯಬೇಕಾದರೆ ಸಂಸ್ಥೆಗೆ ಆದಾಯ ತೆರಿಗೆ ನೋಂದಣಿಗಳಿರಬೇಕು, ಮೂರು ವರ್ಷ ಕೆಲಸ ಮಾಡಿದ ದಾಖಲೆ ಇರಬೇಕು, 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ನಮೂನೆಯಲ್ಲಿ ಹೆಸರು ನೋಂದಾಯಿಸಿರಬೇಕು. ನಮ್ಮ ಪಕ್ಕದ ಮನೆಗೆ ಬರಬಹುದಾದ ಹಣಕ್ಕೆ ಅರ್ಜಿ ಬರೆಯುವ ಕಾರ್ಯದರ್ಶಿ ನಮ್ಮಲ್ಲಿಲ್ಲದಿದ್ದರೆ ಅದು ಅರ್ಜಿ ಬರೆಯಬಲ್ಲ ನಗರದ ಸಂಸ್ಥೆಯ ಪಾಲಾಗುತ್ತದೆ. ಶಾಲೆಯ ಸೋರುವ ಮಾಳಿಗೆಗೂ ಪದಾಧಿಕಾರಿಯ ಅರ್ಹತೆಗೂ ಇರುವ ನಂಟು ಇಷ್ಟು ನೇರವಾದದ್ದು.

ದೇಣಿಗೆ ಎತ್ತುವುದನ್ನು ಕಲಿತು ಮಾಡುವ ಕೆಲಸವೆಂದು ಒಪ್ಪಿಕೊಂಡ ದೇಶಗಳಿವೆ. ಬ್ರಿಟನ್ನಿನಲ್ಲಿ ನಿಧಿ ಸಂಗ್ರಾಹಕರದ್ದೇ ಒಂದು ವೃತ್ತಿಸಂಸ್ಥೆ 1983ರಲ್ಲಿ ಹುಟ್ಟಿತು. 2020ರಲ್ಲಿ ಅದಕ್ಕೆ ರಾಜಮನ್ನಣೆಯ ಸನದು ಸಿಕ್ಕಿತು. ಅಲ್ಲಿ ನಿಧಿ ಕೂಡಿಸುವವನು ತರಬೇತಿ ಪಡೆದು ಸಂಬಳಕ್ಕೆ ದುಡಿಯುತ್ತಾನೆ, ಮೇಲಿನ ಟ್ರಸ್ಟಿಗಳು ಸಾಮಾನ್ಯವಾಗಿ ಸಂಬಳವಿಲ್ಲದೆ ಮೇಲ್ವಿಚಾರಣೆ ಮಾಡುತ್ತಾರೆ. ಇಂಗ್ಲೆಂಡಿನ ಚಾರಿಟಿ ಆಯೋಗದ ಜಾಲತಾಣದಲ್ಲಿ ಸಂಸ್ಥೆಯ ಹೆಸರು ಕೊಟ್ಟರೆ ಟ್ರಸ್ಟಿಗಳು ಯಾರು, ಆದಾಯವೆಷ್ಟು, ಖರ್ಚೆಷ್ಟು ಎಂದು ಯಾರು ಬೇಕಾದರೂ ನೋಡಬಹುದು. ಒಬ್ಬ ಟ್ರಸ್ಟಿ ಒಂಬತ್ತು ವರ್ಷ ಮೀರಿ ಮುಂದುವರಿಯಬೇಕಾದರೆ ಗಟ್ಟಿಯಾದ ಕಾರಣ ಬೇಕೆಂಬ ನೀತಿಸಂಹಿತೆ ಅಲ್ಲಿ ಬಳಕೆಯಲ್ಲಿದೆ. ಅಲ್ಲೂ ದೋಷಗಳಾಗಿವೆ. ವಯಸ್ಸಾದವರಿಗೆ ದೇಣಿಗೆ ಕೇಳುವ ಪತ್ರಗಳು ರಾಶಿ ರಾಶಿಯಾಗಿ ಬರುತ್ತಿದ್ದುದು 2015ರಲ್ಲಿ ದೊಡ್ಡ ಸುದ್ದಿಯಾಗಿ, ಮರುವರ್ಷವೇ ನಿಧಿ ಸಂಗ್ರಹಕ್ಕೆ ಪ್ರತ್ಯೇಕ ನಿಯಂತ್ರಕ ಸಂಸ್ಥೆ ಬಂತು. ದೋಷ ಕಂಡಾಗ ಅವರು ವ್ಯವಸ್ಥೆ ಕಟ್ಟಿದರು. ನಮ್ಮ ದೇಶದಲ್ಲೇ ಮಹಾರಾಷ್ಟ್ರ, ಗುಜರಾತಿನಲ್ಲಿ ಸಾರ್ವಜನಿಕ ಟ್ರಸ್ಟುಗಳ ಮೇಲೆ ಚಾರಿಟಿ ಆಯುಕ್ತರಿದ್ದಾರೆ. ನಮ್ಮ ಭಾಗದಲ್ಲಿ ಟ್ರಸ್ಟ್ ಡೀಡನ್ನು ಉಪನೋಂದಣಿ ಕಚೇರಿಯಲ್ಲಿ ಒಮ್ಮೆ ನೋಂದಾಯಿಸಿದರೆ ವರ್ಷ ವರ್ಷ ಟ್ರಸ್ಟಿಗಳ ಪಟ್ಟಿ ಕೇಳುವ ಅಂಥ ಅಧಿಕಾರಿ ಇಲ್ಲ.

ಆದ್ದರಿಂದ ತಮ್ಮಲ್ಲಿ ಈ ಮನವಿಗಳು.

1. ನಾಲ್ಕೂ ತಾಲ್ಲೂಕುಗಳ ನೋಂದಾಯಿತ ಸಂಘಗಳ ಹೆಸರು, ಕೊನೆಯದಾಗಿ ಪಟ್ಟಿ ಸಲ್ಲಿಸಿದ ವರ್ಷ, ಪದಾಧಿಕಾರಿಗಳ ಹೆಸರು ಮತ್ತು ಉದ್ಯೋಗವನ್ನು ತಾಲ್ಲೂಕು ಕಚೇರಿ, ಗ್ರಾಮ ಪಂಚಾಯಿತಿಗಳ ಸೂಚನಾ ಫಲಕದಲ್ಲಿ ಹಾಕಿಸಿ. ವಿಳಾಸ, ಫೋನ್ ನಂಬರ್ ಬೇಡ. ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಜನ ಕೇಳುವ ಮುಂಚೆಯೇ ಕಚೇರಿಗಳು ಮಾಹಿತಿ ಪ್ರಕಟಿಸಬೇಕೆಂದು ಮಾಹಿತಿ ಹಕ್ಕು ಕಾಯಿದೆಯ 4ನೇ ಪ್ರಕರಣ ಹೇಳುತ್ತದೆ. ನಿಬಂಧಕರು ಕಾನೂನಿನಡಿ ಪಡೆಯಬಹುದಾದ ಮಾಹಿತಿಯನ್ನು ಜನರೂ ಅವರಿಂದ ಕೇಳಬಹುದೆಂಬುದು ಸಹಕಾರ ಸಂಘಗಳ ಪ್ರಕರಣವೊಂದರಲ್ಲಿ 2013ರಲ್ಲಿ ಬಂದ ಸುಪ್ರೀಂ ಕೋರ್ಟ್ ತೀರ್ಪಿನ ಇಂಗಿತ.

2. ಮಧುಗಿರಿ ಉಪವಿಭಾಗ ಕೇಂದ್ರ. ಪಾವಗಡದವರು ನೂರು ಕಿಲೋಮೀಟರ್ ಆಸುಪಾಸು ಪ್ರಯಾಣ ಮಾಡಿ ತುಮಕೂರಿಗೆ ಬರುವ ಬದಲು ವರ್ಷಕ್ಕೆರಡು ಬಾರಿ ಮಧುಗಿರಿಯಲ್ಲಿ ವಾರ್ಷಿಕ ಪಟ್ಟಿ ಸ್ವೀಕರಿಸುವ ಶಿಬಿರ ನಡೆಸಿ. ಬಾಕಿ ಉಳಿಸಿಕೊಂಡವರಿಗೆ ಗದರಿಕೆಗಿಂತ ದಾರಿ ತೋರಿಸುವುದು ಮೊದಲಾಗಲಿ.

3. ಅದೇ ಶಿಬಿರದಲ್ಲಿ ಕಾರ್ಯದರ್ಶಿ, ಖಜಾಂಚಿಗಳಿಗೆ ಒಂದು ದಿನದ ತರಬೇತಿ ಕೊಡಿಸಿ. ನಗದು ಪುಸ್ತಕ ಬರೆಯುವುದು, ರಸೀದಿ ಪುಸ್ತಕಕ್ಕೆ ಕ್ರಮಸಂಖ್ಯೆ ಹಾಕಿ ಹಂಚುವುದು, ಪುಸ್ತಕ ವಾಪಸ್ ಪಡೆಯುವುದು, ನಡಾವಳಿ ಬರೆಯುವುದು. ಇಷ್ಟು ಕನ್ನಡದಲ್ಲಿ, ಕೈಹಿಡಿದು ಕಲಿಸಿದರೆ ಸಾಕು.

4. ಪದಾಧಿಕಾರಿಗಳ ಅವಧಿಗೆ ಮಿತಿ ಹಾಕುವ, ಒಂದೇ ಕುಟುಂಬದವರು ಅಧ್ಯಕ್ಷ, ಖಜಾಂಚಿ ಎರಡೂ ಆಗುವುದನ್ನು ತಡೆಯುವ, ಇಬ್ಬರ ಸಹಿಯಿಲ್ಲದೆ ಬ್ಯಾಂಕಿನಿಂದ ಹಣ ತೆಗೆಯಲಾಗದ ಮಾದರಿ ಬೈಲಾವೊಂದನ್ನು ಹೊಸ ಸಂಘಗಳಿಗೆ ಕೊಡಿ. ಹಳೆಯ ಸಂಘಗಳೂ ಸಭೆ ಕರೆದು ಅಳವಡಿಸಿಕೊಳ್ಳಲು ಸಲಹೆ ಮಾಡಿ.

5. ಟ್ರಸ್ಟುಗಳಿಗೂ ವಾರ್ಷಿಕ ಪಟ್ಟಿ ಕಡ್ಡಾಯವಾಗುವಂಥ ಕಾನೂನು ನಮ್ಮ ಭಾಗಕ್ಕೂ ಬೇಕೆಂದು ಸರ್ಕಾರಕ್ಕೆ ಬರೆಯಿರಿ. ಜಿಲ್ಲೆಯ ಅಧಿಕಾರಿಯೊಬ್ಬರ ಅನುಭವದ ಪತ್ರಕ್ಕೆ ತೂಕವಿದೆ.

ಇನ್ನೊಂದು ಮಾತು ಸಂಘಗಳ ಹಿರಿಯರಿಗೆ. ನಮ್ಮ ಹೋಬಳಿಗಳಲ್ಲಿ ಬಿ.ಕಾಂ. ಓದಿ, ಸಮಾಜಕಾರ್ಯ ಓದಿ, ಬೆಂಗಳೂರಿನ ಬಾಡಿಗೆ ಕೋಣೆಗೆ ಹೋಗಲಾರದೆ ಮನೆಯಲ್ಲಿರುವ ಹೆಣ್ಣುಮಕ್ಕಳು, ಹುಡುಗರು ಇದ್ದಾರೆ. ನಾಲ್ಕೈದು ಸಂಘಗಳು ಕೂಡಿ ಒಬ್ಬರಿಗೆ ಸಂಬಳ ಕೊಟ್ಟರೆ ಲೆಕ್ಕ, ಅರ್ಜಿ, ದಾನಿಗಳಿಗೆ ಬರೆಯುವ ಪತ್ರ ಎಲ್ಲವೂ ಹೊತ್ತಿಗೆ ಸರಿಯಾಗಿ ಆಗುತ್ತವೆ. ಧರ್ಮದ ಹಣದಲ್ಲಿ ಸಂಬಳವೇ ಎಂದು ಹಿಂಜರಿಯಬೇಡಿ. ಕೆಎಲ್‌ಇ ಕಟ್ಟಿದ ಮೇಷ್ಟ್ರುಗಳೂ ಅಲ್ಪವಾದರೂ ಸಂಬಳ ಪಡೆದೇ ದುಡಿದರು. ಹಾಗೆ ಎರಡು ವರ್ಷ ಪಳಗಿದವರನ್ನೇ ಮುಂದೆ ಆಡಳಿತ ಮಂಡಳಿಗೆ ಕರೆದುಕೊಳ್ಳಿ. ತಮ್ಮ ನಂತರ ನಡೆಸುವವರನ್ನು ತಯಾರು ಮಾಡಿ ಕುರ್ಚಿ ಬಿಟ್ಟುಕೊಡುವುದೂ ನಾಯಕತ್ವದ ಭಾಗವೇ.

ದೇಣಿಗೆ ಕೊಡುವ ನನ್ನ ಊರವರಲ್ಲೂ ಒಂದು ಕೋರಿಕೆ. ಕೊಡುವ ಕೈ ಹಿಂದೆ ತೆಗೆಯಬೇಡಿ. ಕೊಡುವ ಮೊದಲು ಮೂರು ಪ್ರಶ್ನೆ ಕೇಳಿ: ಈ ವರ್ಷದ ಪದಾಧಿಕಾರಿಗಳು ಯಾರು, ಹಿಂದಿನ ವರ್ಷದ ಲೆಕ್ಕ ಎಲ್ಲಿದೆ, ಸರ್ವಸದಸ್ಯರ ಸಭೆ ಯಾವಾಗ. ಉತ್ತರ ಕೊಟ್ಟವರಿಗೆ ಇನ್ನೂ ಐವತ್ತು ಹೆಚ್ಚು ಕೊಡಿ.

ಮಾನ್ಯರೇ, ಬರ ನಮ್ಮ ಜನರನ್ನು ಬಡವರನ್ನಾಗಿ ಮಾಡಿದೆ, ಕೊಡುವ ಮನಸ್ಸನ್ನು ಒಣಗಿಸಿಲ್ಲ. ಆ ಮನಸ್ಸಿಗೆ ಒಮ್ಮೆ ಮೋಸವಾದರೆ ಮುಂದೆ ಬರುವ ಪ್ರಾಮಾಣಿಕ ಸಂಘಕ್ಕೂ ಬಾಗಿಲು ಮುಚ್ಚುತ್ತದೆ. ಮುಂದಿನ ಹಣಕಾಸು ವರ್ಷ ಶುರುವಾಗುವ ಮೊದಲು ಮಧುಗಿರಿಯಲ್ಲಿ ಮೊದಲ ಶಿಬಿರ ನಡೆಸಿ, ಮೊದಲ ಪಟ್ಟಿಯನ್ನು ಫಲಕಕ್ಕೆ ಹಾಕಿಸಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಮಿಡಿಗೇಶಿ ಹೋಬಳಿಯ ಒಬ್ಬ ನಾಗರಿಕ