ಪರದೆ ಕಪ್ಪಾದರೆ ಹೊಣೆ ಯಾರದು?

ಹೊಸ 4ಕೆ ಪ್ಲೇಯರ್ ಕೊಂಡೊಯ್ದ ಗ್ರಾಹಕ ಮರುದಿನವೇ ಪೆಟ್ಟಿಗೆಸಮೇತ ಅಂಗಡಿಗೆ ಹಿಂದಿರುಗುವ ಪ್ರಸಂಗ ಎಲೆಕ್ಟ್ರಾನಿಕ್ಸ್ ವರ್ತಕರಿಗೆ ಅಪರಿಚಿತವೇನಲ್ಲ. ಆತನ ಮನೆಯ ಟಿ.ವಿ.ಯಲ್ಲಿ ಒಮ್ಮೆ ಕಪ್ಪು ಪರದೆ, ಇನ್ನೊಮ್ಮೆ ಕೆಳದರ್ಜೆಯ ಚಿತ್ರ. ಅಂಗಡಿಯ ಟಿ.ವಿ.ಗೆ ಜೋಡಿಸಿದರೆ ಅದೇ ಪ್ಲೇಯರ್ ಸರಿಯಾಗಿಯೇ ಕೆಲಸ ಮಾಡುತ್ತದೆ. ಸರಕಿನಲ್ಲಿ ದೋಷವಿಲ್ಲ, ಗ್ರಾಹಕನ ಮಾತಿನಲ್ಲಿಯೂ ಸುಳ್ಳಿಲ್ಲ. ತೊಡಕಿರುವುದು ಉಪಕರಣಗಳ ನಡುವಿನ ನಕಲು ನಿರ್ಬಂಧ ವ್ಯವಸ್ಥೆಯ ಹೊಂದಾಣಿಕೆಯಲ್ಲಿ. ನಷ್ಟ ಮಾತ್ರ ವರ್ತಕನ ಖಾತೆಗೆ.

ಈ ತೊಡಕು ಹೊಸದಲ್ಲ. 1980ರ ದಶಕದಲ್ಲಿ ಬಂದ ಮ್ಯಾಕ್ರೋವಿಷನ್ ತಂತ್ರ ಕ್ಯಾಸೆಟ್ ನಕಲನ್ನು ಕೆಡಿಸುತ್ತಿತ್ತು. ಮುಂದೆ ಡಿವಿಡಿ ಪ್ಲೇಯರನ್ನು ವಿ.ಸಿ.ಆರ್. ಮೂಲಕ ಟಿ.ವಿ.ಗೆ ಜೋಡಿಸಿದವರು ಚಿತ್ರದ ಬೆಳಕು ಏರಿಳಿಯುವುದನ್ನು ಕಂಡದ್ದೂ ಅದರಿಂದಲೇ. ಡಿಜಿಟಲ್ ಯುಗದಲ್ಲಿ ಆ ಸ್ಥಾನವನ್ನು ಇಂಟೆಲ್ ಸಂಸ್ಥೆ ರೂಪಿಸಿದ ಎಚ್‌ಡಿಸಿಪಿ ಆಕ್ರಮಿಸಿತು. ಚಿತ್ರವನ್ನು ಕಳುಹಿಸುವ ಮೊದಲು ಪ್ಲೇಯರ್, ಎದುರಿನ ಟಿ.ವಿ.ಯ ಗುರುತನ್ನು ರಹಸ್ಯ ಕೀಲಿಗಳ ಮೂಲಕ ಪರೀಕ್ಷಿಸುತ್ತದೆ. ನಡುವೆ ಆಡಿಯೋ ರಿಸೀವರ್ ಅಥವಾ ಸ್ಪ್ಲಿಟರ್ ಇದ್ದರೆ ಅದೂ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು.

4ಕೆ ಚಿತ್ರಗಳಿಗಾಗಿ ಎಚ್‌ಡಿಸಿಪಿ 2.2 ಆವೃತ್ತಿ 2013ರಲ್ಲಿ ಪ್ರಕಟವಾಯಿತು. ಅಷ್ಟರಲ್ಲಾಗಲೇ ಹಳೆಯ ಆವೃತ್ತಿಯ 4ಕೆ ಟಿ.ವಿ.ಗಳು ಮಾರುಕಟ್ಟೆಗೆ ಬಂದಿದ್ದವು. ಹೊಸ ಆವೃತ್ತಿಯನ್ನು ಕಡ್ಡಾಯಗೊಳಿಸಿದ ಚಿತ್ರ ಅವುಗಳಲ್ಲಿ ಪೂರ್ಣ ಸ್ಪಷ್ಟತೆಯಿಂದ ಮೂಡದು. ಎಚ್‌ಡಿಎಂಐ 2.0 ಎಂಬ ಬರಹವೊಂದೇ ಇದಕ್ಕೆ ಖಾತರಿಯಲ್ಲ. ಕೆಲವು ಟಿ.ವಿ.ಗಳಲ್ಲಿ ಒಂದೆರಡು ಪೋರ್ಟ್‌ಗಳು ಮಾತ್ರ 2.2ಕ್ಕೆ ಹೊಂದುತ್ತವೆ. ಇಂತಹ ಸಂದರ್ಭದಲ್ಲಿ ದುಬಾರಿ ಕೇಬಲ್ ಮಾರಿ ಗ್ರಾಹಕನನ್ನು ಸಮಾಧಾನಪಡಿಸುವುದು ಪರಿಹಾರವಲ್ಲ. ಅದು ಎರಡನೆಯ ದೂರಿಗೆ ಆಹ್ವಾನವಷ್ಟೇ.

ಚಿತ್ರ ನಿರ್ಮಾಪಕರು ತಮ್ಮ ಬಂಡವಾಳವನ್ನು ರಕ್ಷಿಸಿಕೊಳ್ಳುವುದು ನ್ಯಾಯಸಮ್ಮತವೇ. ಆದರೆ ಎಚ್‌ಡಿಸಿಪಿಯ ಹಿಂದಿನ ಆವೃತ್ತಿಯ ಮೂಲ ಕೀಲಿಯೇ 2010ರಲ್ಲಿ ಬಹಿರಂಗವಾಯಿತು ಎಂಬುದನ್ನು ಮರೆಯಲಾಗದು. ಕಳ್ಳನಿಗೆ ದಾರಿ ತೆರೆದೇ ಇತ್ತು. ಹಣ ತೆತ್ತು ಕೊಂಡವನ ಮನೆಯ ಬಾಗಿಲು ಮಾತ್ರ ಮುಚ್ಚಿಕೊಂಡಿತು. ಹಾಗೆಂದು ನಿರ್ಬಂಧವನ್ನು ಕಳಚುವ ಪೆಟ್ಟಿಗೆಗಳ ವ್ಯಾಪಾರಕ್ಕೆ ಇಳಿಯುವುದು ವಿವೇಕವಲ್ಲ. 2012ರ ತಿದ್ದುಪಡಿಯಿಂದ ಹಕ್ಕುಸ್ವಾಮ್ಯ ಕಾಯಿದೆಗೆ ಸೇರಿದ 65ಎ ಪ್ರಕರಣದಂತೆ, ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ರಕ್ಷಣಾ ತಂತ್ರವನ್ನು ಭೇದಿಸುವುದು ಎರಡು ವರ್ಷಗಳವರೆಗಿನ ಸೆರೆವಾಸ ಹಾಗೂ ದಂಡಕ್ಕೆ ಗುರಿಯಾಗುವ ಅಪರಾಧ.

ವರ್ತಕನ ಕೈಯಲ್ಲಿರುವ ಉಪಾಯ ಸರಳವಾದುದು: ಮಾರುವ ಮುನ್ನ ವಿಚಾರಿಸುವುದು. ಮನೆಯ ಟಿ.ವಿ. ಯಾವ ವರ್ಷದ್ದು, ಯಾವ ಮಾದರಿ, ನಡುವೆ ರಿಸೀವರ್ ಇದೆಯೇ ಎಂಬ ಮೂರು ಪ್ರಶ್ನೆಗಳು ಸಾಕು. ಹಳೆಯ ಉಪಕರಣಗಳೊಡನೆ ಪೂರ್ಣ ಸ್ಪಷ್ಟತೆ ದೊರೆಯದಿರಬಹುದೆಂಬ ಒಂದು ಸಾಲು ಬಿಲ್ಲಿನಲ್ಲಿದ್ದರೆ ಮುಂದಿನ ವಿವಾದ ಬಹುಪಾಲು ತಪ್ಪುತ್ತದೆ. ಸರಕಿನ ಗುಣಮಟ್ಟ ಮತ್ತು ದರ್ಜೆಯನ್ನು ತಿಳಿಯುವುದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಮಾನ್ಯ ಮಾಡಿರುವ ಹಕ್ಕು.

ಸ್ಪ್ಲಿಟರ್, ಸ್ವಿಚ್ ಮುಂತಾದವನ್ನು ಜೋಡಿಸಿ ಮಾರುವ ಸಣ್ಣ ಉದ್ಯಮಿಗಳ ಹೊಣೆ ಇನ್ನೂ ಹೆಚ್ಚಿನದು. ‘4ಕೆ’ ಎಂದು ದಪ್ಪಕ್ಷರದಲ್ಲಿ ಮುದ್ರಿಸುವವರು ಎಚ್‌ಡಿಸಿಪಿ ಆವೃತ್ತಿಯನ್ನೂ ಅದರ ಪಕ್ಕದಲ್ಲಿಯೇ ನಮೂದಿಸಬೇಕು. ದೊಡ್ಡ ತಯಾರಕರಿಂದ ಅದೇ ಶಿಸ್ತನ್ನು ಕೇಳುವ ನೈತಿಕ ಬಲ ಆಗ ವಾಣಿಜ್ಯ ಸಂಸ್ಥೆಗಳಿಗೂ ಒದಗುತ್ತದೆ. ಪೆಟ್ಟಿಗೆಯ ಮೇಲಿನ ಒಂದು ಸಾಲಿಗೆ ತಗಲುವ ಶಾಯಿಯ ವೆಚ್ಚ ಅತ್ಯಲ್ಪ. ಕಳೆದುಕೊಂಡ ಗ್ರಾಹಕನನ್ನು ಮರಳಿ ಪಡೆಯುವ ವೆಚ್ಚ ಅಲ್ಪವಲ್ಲ.