ಸಂಕೇಶ್ವರದ ಪಿನ್‌ಕೋಡ್ ಒಡೆದೆ, ಆಧಾರ್ ಬೀಗದ ಕಥೆ ಏನು?

ನಮ್ಮ ಸಂಕೇಶ್ವರದ ಪಿನ್‌ಕೋಡ್ 591313. ಮೊನ್ನೆ ಸುಮ್ಮನೆ ಕೂತಾಗ ಇದು ಅವಿಭಾಜ್ಯ ಸಂಖ್ಯೆಯಾ ಅಂತ ಪರೀಕ್ಷಿಸಲು ಹೊರಟೆ. 2, 3, 5, 7 ಹೀಗೆ ಒಂದೊಂದರಿಂದಲೂ ಭಾಗಿಸುತ್ತಾ ಹೋದೆ. 99 ಅವಿಭಾಜ್ಯ ಸಂಖ್ಯೆಗಳು ಕೈಕೊಟ್ಟವು. ನೂರನೆಯದಾದ 541ಕ್ಕೆ ಸಿಕ್ಕಿಬಿತ್ತು: 541 × 1093.

ಈ 1093 ಸಾಮಾನ್ಯದ್ದಲ್ಲ. 2ರ 1092ನೇ ಘಾತದಿಂದ 1 ಕಳೆದರೆ, ಉಳಿದದ್ದು 1093ರ ವರ್ಗದಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಇಂಥ ಗುಣವಿರುವ ಅವಿಭಾಜ್ಯ ಸಂಖ್ಯೆಗಳು ಈವರೆಗೆ ಸಿಕ್ಕಿರುವುದು ಎರಡೇ. ಇನ್ನೊಂದು 3511.

ಆದರೆ ನನ್ನ ತಲೆಯಲ್ಲಿ ಉಳಿದದ್ದು ಬೇರೆ. ಒಡೆಯಲು ಒಂದು ಸಂಜೆ ಹಿಡಿಯಿತು, ಗುಣಿಸಿ ತಾಳೆ ನೋಡಲು ಒಂದು ನಿಮಿಷ ಸಾಕಾಯಿತು. ಈ ಅಂತರವೇ 1977ರಲ್ಲಿ ಬಂದ ಆರ್‌ಎಸ್‌ಎ ಗೂಢಲಿಪಿಯ ಬಂಡವಾಳ. ಪಡಿತರ ಅಂಗಡಿಯಲ್ಲಿ ನಮ್ಮ ಅವ್ವಂದಿರು ಹೆಬ್ಬೆಟ್ಟು ಒತ್ತಿದಾಗ ಆ ಮಾಹಿತಿಗೆ ಬೀಳುವ ಬೀಗದ ಕೀಲಿಯನ್ನು ಕಾಯುವುದು 2048 ಬಿಟ್‌ನ ಆರ್‌ಎಸ್‌ಎ. ಅಂದರೆ 617 ಅಂಕಿಗಳ ಸಂಖ್ಯೆ. ಅದರ ಹಿಂದೆ ತಲಾ 300ಕ್ಕೂ ಹೆಚ್ಚು ಅಂಕಿಗಳ ಎರಡು ಅವಿಭಾಜ್ಯ ಸಂಖ್ಯೆಗಳು. 2020ರಲ್ಲಿ ಸಂಶೋಧಕರು 250 ಅಂಕಿಗಳ ಸಂಖ್ಯೆಯೊಂದನ್ನು ಒಡೆದರು. ಒಂದೇ ಪ್ರೊಸೆಸರ್ ಕೋರ್ ಮೇಲೆ ಮಾಡಿದ್ದರೆ ಅದಕ್ಕೆ ಸುಮಾರು 2,700 ವರ್ಷ ಬೇಕಿತ್ತು.

ಹಾಗಾದರೆ ಚಿಂತೆ ಯಾಕೆ? ದೊಡ್ಡ ಕ್ವಾಂಟಂ ಕಂಪ್ಯೂಟರ್ ಬಂದರೆ ಈ ಬೀಗ ಬೇಗನೆ ತೆರೆಯುತ್ತದೆ ಅಂತ ಪೀಟರ್ ಶೋರ್ 1994ರಲ್ಲೇ ತೋರಿಸಿದ್ದಾರೆ. ಅಂಥ ಯಂತ್ರ ಇವತ್ತು ಇಲ್ಲ, ನಿಜ. ಆದರೆ ಇವತ್ತು ಕದ್ದಿಟ್ಟುಕೊಂಡ ಮಾಹಿತಿಯನ್ನು ಆವತ್ತು ಬಿಚ್ಚಬಹುದು. ಪಾಸ್‌ವರ್ಡ್ ಆದರೆ ಬದಲಿಸ್ತೀವಿ. ಹೆಬ್ಬೆಟ್ಟು ಬದಲಿಸೋದು ಹೇಗೆ?

ಅಮೆರಿಕದ ಮಾನದಂಡ ಸಂಸ್ಥೆ 2024ರ ಆಗಸ್ಟ್‌ನಲ್ಲಿ ಕ್ವಾಂಟಂ ದಾಳಿ ತಡೆಯುವ ಮೂರು ಮಾನದಂಡಗಳನ್ನು ಪ್ರಕಟಿಸಿತು. 2035ರ ನಂತರ ಆರ್‌ಎಸ್‌ಎ ಬೇಡ ಎಂಬ ಪ್ರಸ್ತಾವವನ್ನೂ ಮುಂದಿಟ್ಟಿತು. ನಮ್ಮಲ್ಲಿ ಕೇಂದ್ರ ಸರ್ಕಾರ 2023ರಲ್ಲಿ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ 6,003.65 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿದೆ. ಅದರ ಕಂಪ್ಯೂಟಿಂಗ್ ಕೇಂದ್ರ ಇರುವುದು ಬೆಂಗಳೂರಿನ ಐಐಎಸ್‌ಸಿಯಲ್ಲೇ. ಖುಷಿಯ ಸಂಗತಿ. ಆದರೆ ಬೀಗ ಒಡೆಯುವ ಯಂತ್ರ ಕಟ್ಟುವುದಕ್ಕೆ ಇರುವಷ್ಟೇ ಹುಮ್ಮಸ್ಸು ಬೀಗ ಬದಲಿಸುವುದಕ್ಕೂ ಬೇಕಲ್ಲ?

ಇದು ಗಣಿತದ ಪ್ರಶ್ನೆಯಷ್ಟೇ ಅಲ್ಲ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. ಮಾಹಿತಿ ಇಟ್ಟುಕೊಂಡವರು 'ಸಮಂಜಸ' ಭದ್ರತೆ ಕೊಡಬೇಕು ಅಂತ 2023ರ ದತ್ತಾಂಶ ರಕ್ಷಣಾ ಕಾಯ್ದೆ ಹೇಳುತ್ತದೆ. ಜೀವನಪೂರ್ತಿ ಬದಲಾಗದ ಬೆರಳಚ್ಚಿಗೆ ಆಯುಷ್ಯ ಗೊತ್ತಾಗಿರುವ ಬೀಗ ಹಾಕಿದರೆ ಅದು ಸಮಂಜಸವೇ?

ಇವತ್ತಿನ ವಂಚನೆಗಳು ಹೆಚ್ಚಾಗಿ ಒಟಿಪಿ ಕೇಳಿಯೇ ನಡೆಯುತ್ತವೆ, ಯಾರೂ ಅವಿಭಾಜ್ಯ ಸಂಖ್ಯೆ ಹುಡುಕುತ್ತಾ ಕೂರುವುದಿಲ್ಲ. ಒಪ್ಪುತ್ತೇನೆ. ಆದರೆ ಒಟಿಪಿ ವಿಷಯದಲ್ಲಿ ನಾನು ಎಚ್ಚರ ವಹಿಸಬಹುದು, ಆರ್‌ಎಸ್‌ಎ ಬದಲಿಸುವುದು ನನ್ನ ಕೈಯಲ್ಲಿಲ್ಲ. ಅದಕ್ಕೇ ಕೇಳಬೇಕು: ಆಧಾರ್, ಬ್ಯಾಂಕು, ಪಡಿತರ, ಯಾವುದರ ಬೀಗ ಯಾವ ವರ್ಷದೊಳಗೆ ಬದಲಾಗುತ್ತೆ? ತಾರೀಖು ಸಮೇತ ಹೇಳಿ, ಕನ್ನಡದಲ್ಲೂ ಹೇಳಿ.